ಸಭಿಕರ ಕೂಗಿಗೂ ಒಂದು ಇತಿಹಾಸವಿದೆ

2011ರ ಮೇ 1. ಅಂದು ಕಾರ್ಮಿಕರ ದಿನ. ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ರಜೆ. ಆದರೂ ಅದರ ಅಂಗಳದ ಗಾಜಿನ ಪಿರಮಿಡ್ಡಿನ ಮುಂದೆ ಸುಮಾರು ಮುನ್ನೂರು ಮಂದಿ ತರುಣ ತರುಣಿಯರು ನೆರೆದರು. ಹಾಡು ಹೊರಟಿತು, ಎಲ್ಲರೂ ಕುಣಿಯತೊಡಗಿದರು. ಹಾಡು ಫ್ರೆಂಚ್ ಅಲ್ಲ, ಇಂಗ್ಲಿಷೂ ಅಲ್ಲ, ಕೊರಿಯನ್.

ಅವರದು ಒಂದೇ ಬೇಡಿಕೆ. ಜೂನ್ 10ರಂದು ನಗರದ ಲೆ ಜೆನಿತ್ ಸಭಾಂಗಣದಲ್ಲಿ ದಕ್ಷಿಣ ಕೊರಿಯಾದ ಐದು ಪಾಪ್ ತಂಡಗಳು ಹಾಡಲಿದ್ದವು. ಟಿಕೆಟ್ ಮಾರಾಟ ಶುರುವಾದ ಕಾಲು ಗಂಟೆಯೊಳಗೆ ಎಲ್ಲವೂ ಖಾಲಿ. ಟಿಕೆಟ್ ಸಿಗದವರು, 'ಇನ್ನೊಂದು ದಿನ ಹಾಡಿ' ಎಂದು ಕುಣಿದು ಕೇಳಿದರು. ಸಂಘಟಕರು ಮಣಿದರು. ಜೂನ್ 11ರಂದು ಎರಡನೇ ಗೋಷ್ಠಿ ನಡೆಯಿತು. ಎರಡೂ ದಿನ ಸೇರಿ ಬಂದವರು ಸುಮಾರು 14 ಸಾವಿರ ಮಂದಿ.

ಇಂಥ ಗೋಷ್ಠಿಗೆ ಮೊದಲ ಬಾರಿ ಹೋದವರಿಗೆ ಕಣ್ಣಿಗೆ ಬೀಳುವುದು ವೇದಿಕೆಗಿಂತ ಹೆಚ್ಚಾಗಿ ಸಭಿಕರೇ. ಪ್ರತಿಯೊಬ್ಬರ ಕೈಯಲ್ಲೂ ಬೆಳಗುವ ಕೋಲು. ಅದಕ್ಕೆ ಲೈಟ್‌ಸ್ಟಿಕ್ ಎನ್ನುತ್ತಾರೆ. ಒಂದೊಂದು ತಂಡಕ್ಕೆ ಒಂದೊಂದು ಆಕಾರ, ಒಂದೊಂದು ಬಣ್ಣ. ಹಾಡಿನ ನಡುವೆ ವಾದ್ಯ ಮಾತ್ರ ನುಡಿಯುವ ಕಡೆ ಸಭಿಕರು ಗಾಯಕರ ಹೆಸರುಗಳನ್ನು ಕ್ರಮ ತಪ್ಪದೆ, ತಾಳ ತಪ್ಪದೆ ಕೂಗುತ್ತಾರೆ. ಕೊರಿಯನ್ನರು ಇದಕ್ಕೆ 'ಉಂಗ್‌ವಾನ್‌ಬಪ್' ಎನ್ನುತ್ತಾರೆ. ಹುರಿದುಂಬಿಸುವ ವಿಧಾನ ಎಂದು ಇದರ ಅರ್ಥ. ಹೊಸ ಹಾಡು ಬಂದಾಗ ಎಲ್ಲಿ ಯಾವ ಮಾತು ಕೂಗಬೇಕೆಂಬ ಪಟ್ಟಿಯೂ ಬರುತ್ತದೆ. ಅಭಿಮಾನಿಗಳು ಅದನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ.

ನಮ್ಮ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿ ರಂಗಗೀತೆಯನ್ನು ಮತ್ತೆ ಹಾಡಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಸಭಿಕರ ಕೂಗು ಸಂಗೀತದ ಭಾಗವಾಗುವುದು ಹೊಸದೇನಲ್ಲ. ಆದರೆ ಕೊರಿಯಾದಲ್ಲಿ ಈ ಕೂಗು ಸುಲಭವಾಗಿ ದಕ್ಕಿದ್ದಲ್ಲ. ಯಾರು ಯಾರಿಗಾಗಿ ಹಾಡಬೇಕು, ಕೇಳುವವರು ಎಷ್ಟು ಕೂಗಬಹುದು ಎಂಬ ಪ್ರಶ್ನೆಗಳು ಆ ದೇಶದಲ್ಲಿ ದಶಕಗಳ ಕಾಲ ರಾಜಕೀಯದ ಪ್ರಶ್ನೆಗಳೇ ಆಗಿದ್ದವು.

ಸೈನಿಕರ ಮುಂದೆ ಪರೀಕ್ಷೆ

1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಎರಡನೇ ಮಹಾಯುದ್ಧ ಮುಗಿದಾಗ ದೇಶ ಎರಡಾಯಿತು. ದಕ್ಷಿಣಕ್ಕೆ ಅಮೆರಿಕದ ಸೈನ್ಯ ಬಂತು. 1950ರಿಂದ 53ರವರೆಗೆ ನಡೆದ ಯುದ್ಧ ಊರುಗಳನ್ನೇ ಸುಟ್ಟಿತು. ಅನ್ನಕ್ಕೂ ಪರದಾಡುವ ಆ ಕಾಲದಲ್ಲಿ ಹಾಡುಗಾರರಿಗೆ ಕೈತುಂಬ ದುಡಿಮೆ ಕೊಟ್ಟ ಜಾಗ ಒಂದೇ: ಅಮೆರಿಕದ ಎಂಟನೇ ಸೇನೆಯ ಶಿಬಿರಗಳ ಕ್ಲಬ್ಬುಗಳು.

ಅಲ್ಲಿ ಹಾಡಲು ಪರೀಕ್ಷೆ ಪಾಸಾಗಬೇಕಿತ್ತು. ಪರೀಕ್ಷಕರು ಗಾಯಕರಿಗೂ ವಾದ್ಯದವರಿಗೂ ಶ್ರೇಣಿ ಕೊಡುತ್ತಿದ್ದರು. ಶ್ರೇಣಿಗೆ ತಕ್ಕ ಸಂಭಾವನೆ. ನಪಾಸಾದವರಿಗೆ ವೇದಿಕೆಯೇ ಇಲ್ಲ. ಜಾಸ್, ರಾಕ್, ಕಂಟ್ರಿ, ಹೀಗೆ ಸೈನಿಕರಿಗೆ ಹಿಡಿಸಿದ್ದೆಲ್ಲವನ್ನೂ ಹಾಡಬೇಕು. ಮುಂದೆ ಕೊರಿಯಾದ ರಾಕ್ ಸಂಗೀತದ ಪಿತಾಮಹ ಎನಿಸಿದ ಗಿಟಾರ್ ವಾದಕ ಶಿನ್ ಜುಂಗ್ ಹ್ಯೋನ್ ಪಳಗಿದ್ದು ಇಲ್ಲಿಯೇ.

ಕಿಮ್ ಸಿಸ್ಟರ್ಸ್ ಎಂಬ ಮೂವರು ಹುಡುಗಿಯರ ಕಥೆ ಆ ಕಾಲಕ್ಕೆ ಕನ್ನಡಿ ಹಿಡಿಯುತ್ತದೆ. ಅವರ ತಾಯಿ ಲೀ ನಾನ್ ಯಂಗ್ 1935ರ 'ಮೊಕ್ಪೊದ ಕಣ್ಣೀರು' ಹಾಡಿನಿಂದ ಮನೆಮಾತಾಗಿದ್ದ ಗಾಯಕಿ. ಸಂಗೀತ ಸಂಯೋಜಕರಾಗಿದ್ದ ತಂದೆಯನ್ನು ಯುದ್ಧ ನುಂಗಿತು. ತಾಯಿ ಇಬ್ಬರು ಹೆಣ್ಣುಮಕ್ಕಳನ್ನೂ ತಮ್ಮ ಅಣ್ಣನ ಮಗಳನ್ನೂ ಸೇರಿಸಿ ತಂಡ ಕಟ್ಟಿ ಶಿಬಿರಗಳಿಗೆ ಕರೆದೊಯ್ದರು. ಹುಡುಗಿಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅರ್ಥ ತಿಳಿಯದೆಯೇ ಹಾಡುಗಳನ್ನು ಉರು ಹೊಡೆದರು. ಸೈನಿಕರು ಕೊಟ್ಟ ವಿಸ್ಕಿ, ಚಾಕೊಲೇಟುಗಳನ್ನು ಮನೆಯವರು ಆಹಾರಕ್ಕೆ ಬದಲಾಯಿಸಿಕೊಳ್ಳುತ್ತಿದ್ದರು. 1959ರಲ್ಲಿ ಈ ಮೂವರು ಅಮೆರಿಕದ ಲಾಸ್ ವೇಗಾಸ್‌ಗೆ ಹೋದರು. ಎಡ್ ಸಲಿವಾನ್ ಅವರ ಪ್ರಸಿದ್ಧ ಟೀವಿ ಕಾರ್ಯಕ್ರಮದಲ್ಲಿ ಹಲವು ಬಾರಿ ಹಾಡಿದರು.

ಅರ್ಥ ತಿಳಿಯದ ಪರಭಾಷೆಯ ಹಾಡನ್ನು ಹೊಟ್ಟೆಪಾಡಿಗಾಗಿ ಬಾಯಿಪಾಠ ಮಾಡಿದ ಆ ಹುಡುಗಿಯರನ್ನು, ಅರ್ಧ ಶತಮಾನದ ಬಳಿಕ ಕೊರಿಯನ್ ಹಾಡನ್ನು ಪ್ರೀತಿಯಿಂದ ಬಾಯಿಪಾಠ ಮಾಡಿದ ಪ್ಯಾರಿಸ್‌ನ ಹುಡುಗಿಯರ ಪಕ್ಕದಲ್ಲಿಟ್ಟು ನೋಡಿದರೆ ಈ ಇತಿಹಾಸದ ಎರಡು ತುದಿಗಳೂ ಒಟ್ಟಿಗೆ ಕಾಣುತ್ತವೆ.

ಕೂಗಿದ್ದೇ ಅಪರಾಧ

1969ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಗಾಯಕ ಕ್ಲಿಫ್ ರಿಚರ್ಡ್ ಸೋಲ್ ನಗರಕ್ಕೆ ಬಂದರು. ಇವರು ಹುಟ್ಟಿದ್ದು ನಮ್ಮ ಲಖನೌದಲ್ಲಿ, 1940ರಲ್ಲಿ. ಸೋಲ್‌ನ ಗೋಷ್ಠಿಗಳಿಗೆ ಶಾಲಾ ಕಾಲೇಜು ಹುಡುಗಿಯರು ಮುಗಿಬಿದ್ದರು. ಕೂಗಿದರು, ಅತ್ತರು, ವೇದಿಕೆಯತ್ತ ಹೂವು ಎಸೆದರು. ಒಳ ಉಡುಪುಗಳನ್ನೂ ಎಸೆದರಂತೆ ಎಂಬ ಗಾಳಿಮಾತು ಹಬ್ಬಿತು. ಹೆಣ್ಣುಮಕ್ಕಳು ಸಾರ್ವಜನಿಕವಾಗಿ ಹೀಗೆ ಕೂಗಬಹುದೇ ಎಂದು ಹಿರಿಯರು ಹುಬ್ಬೇರಿಸಿದರು. ಪತ್ರಿಕೆಗಳು ಛೀಮಾರಿ ಹಾಕಿದವು.

ಹುಬ್ಬೇರಿಸುವುದಕ್ಕಷ್ಟೇ ಸೀಮಿತವಾಗಿದ್ದರೆ ಹೇಗೋ ಆಗುತ್ತಿತ್ತು. ಆಗ ಅಧಿಕಾರದಲ್ಲಿದ್ದವರು 1961ರ ಸೇನಾ ದಂಗೆಯ ಮೂಲಕ ಬಂದ ಪಾರ್ಕ್ ಚುಂಗ್ ಹೀ. 1970ರ ದಶಕದಲ್ಲಿ ಉದ್ದ ಕೂದಲು ಬಿಟ್ಟ ಯುವಕರನ್ನು ಪೊಲೀಸರು ಬೀದಿಯಲ್ಲೇ ಹಿಡಿದು ಕತ್ತರಿ ಆಡಿಸುತ್ತಿದ್ದರು. ಮಧ್ಯರಾತ್ರಿಯಿಂದ ಬೆಳಗಿನ 4 ಗಂಟೆವರೆಗೆ ಕರ್ಫ್ಯೂ. ಹಾಡು ಕೇಳಲು ಹೋದವರು ಗಡಿಯಾರ ನೋಡಿಕೊಂಡೇ ಕೂರಬೇಕು. ಈ ಕರ್ಫ್ಯೂ ತೆರವಾದದ್ದು 1982ರ ಜನವರಿಯಲ್ಲಿ.

1975ರಲ್ಲಿ ಸರ್ಕಾರ ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ನಿಷೇಧಿಸಿತು. ಕಿಮ್ ಮಿನ್ ಕಿ ರಚಿಸಿದ 'ಮುಂಜಾವಿನ ಇಬ್ಬನಿ' ಕೂಡ ಈ ಪಟ್ಟಿಯಲ್ಲಿತ್ತು. ಅಧ್ಯಕ್ಷರನ್ನು ಹೊಗಳುವ ಹಾಡು ಬರೆಯಿರಿ ಎಂಬ ಸೂಚನೆಯನ್ನು ತಾವು ಒಪ್ಪಲಿಲ್ಲ ಎಂದು ಶಿನ್ ಜುಂಗ್ ಹ್ಯೋನ್ ಹೇಳಿಕೊಂಡಿದ್ದಾರೆ. 1975ರ ಡಿಸೆಂಬರ್‌ನಲ್ಲಿ ಗಾಂಜಾ ಪ್ರಕರಣದಲ್ಲಿ ಅವರ ಬಂಧನವಾಯಿತು. 1979ರಲ್ಲಿ ಪಾರ್ಕ್ ಹತ್ಯೆಯಾಗುವವರೆಗೂ ಅವರು ವೇದಿಕೆ ಏರುವಂತಿರಲಿಲ್ಲ. ಸಾಲದೆಂಬಂತೆ ಪ್ರತಿ ಧ್ವನಿಮುದ್ರಿಕೆಯಲ್ಲೂ ಒಂದು 'ಆರೋಗ್ಯಕರ ಗೀತೆ' ಇರಲೇಬೇಕೆಂಬ ಕಟ್ಟಳೆಯೂ ಬಂತು. ಪ್ರೇಮಗೀತೆಗಳೆಲ್ಲ ಮುಗಿದ ಮೇಲೆ ಕೊನೆಗೊಂದು ದೇಶಪ್ರೇಮದ ಹಾಡು!

ಆದರೆ ನಿಷೇಧಿಸಿದ ಹಾಡು ಜನರ ಬಾಯಲ್ಲಿ ಸಾಯಲಿಲ್ಲ. 1987ರ ಜೂನ್‌ನಲ್ಲಿ ಪ್ರಜಾಪ್ರಭುತ್ವಕ್ಕಾಗಿ ದೇಶವೇ ಬೀದಿಗಿಳಿಯಿತು. ಅಶ್ರುವಾಯು ಶೆಲ್ ತಗುಲಿ ಮೃತಪಟ್ಟ ವಿದ್ಯಾರ್ಥಿ ಲೀ ಹಾನ್ ಯೋಲ್‌ನ ಅಂತ್ಯಯಾತ್ರೆ ಜುಲೈ 9ರಂದು ಸೋಲ್ ನಗರಸಭೆಯ ಎದುರು ಬಂದಾಗ ಸೇರಿದ್ದ ಜನಸಾಗರ 'ಮುಂಜಾವಿನ ಇಬ್ಬನಿ'ಯನ್ನು ಹಾಡಿತು. ವೇದಿಕೆಯಿಲ್ಲ, ಟಿಕೆಟಿಲ್ಲ, ಕೋಲುದೀಪವಿಲ್ಲ. ಗುಂಪಾಗಿ ದನಿಗೂಡಿಸುವುದನ್ನು ಇಂದಿನ ಅಭಿಮಾನಿಗಳು 'ತೇಚಾಂಗ್' ಎನ್ನುತ್ತಾರೆ. ಅದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು.

ಕತ್ತರಿ ಕೈಬಿಟ್ಟ ವರ್ಷ

1988ರಲ್ಲಿ ಸೋಲ್ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜನಸಾಮಾನ್ಯರ ವಿದೇಶ ಪ್ರವಾಸಕ್ಕಿದ್ದ ನಿರ್ಬಂಧಗಳು ಸಡಿಲಗೊಂಡವು. ಹೊರಗಿನ ಗಾಳಿ ಒಳಬಂತು. ಅದರೊಂದಿಗೆ ಅನಾಹುತವೂ ಬಂತು. 1992ರ ಫೆಬ್ರುವರಿ 17ರಂದು ಸೋಲ್‌ನಲ್ಲಿ ಅಮೆರಿಕದ ನ್ಯೂ ಕಿಡ್ಸ್ ಆನ್ ದ ಬ್ಲಾಕ್ ತಂಡದ ಗೋಷ್ಠಿಯಲ್ಲಿ ನೂಕುನುಗ್ಗಲಾಗಿ ಅನೇಕರು ಗಾಯಗೊಂಡರು. ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಳು.

ಅದೇ ವರ್ಷದ ಏಪ್ರಿಲ್‌ನಲ್ಲಿ ಸೊ ತೈಜಿ ಎಂಬ ಯುವಕ ಇಬ್ಬರು ಗೆಳೆಯರೊಂದಿಗೆ ಟೀವಿಯಲ್ಲಿ ರ್‍ಯಾಪ್ ಹಾಡಿದ. ತೀರ್ಪುಗಾರರು ಕೊಟ್ಟದ್ದು ಕಡಿಮೆ ಅಂಕ. ಎಳೆಯರು ಕೊಟ್ಟದ್ದು ಪಟ್ಟ. 1995ರಲ್ಲಿ ಆತ ತನ್ನ ಕಾಲವನ್ನು ಟೀಕಿಸಿ ಬರೆದ ಹಾಡಿನ ಸಾಹಿತ್ಯವನ್ನು ತಿದ್ದಬೇಕೆಂದು ಪರಿಶೀಲನಾ ಸಮಿತಿ ಹೇಳಿತು. ಆತ ತಿದ್ದಲಿಲ್ಲ. ಮಾತನ್ನೆಲ್ಲ ತೆಗೆದು ಬರೀ ವಾದ್ಯಸಂಗೀತವನ್ನು ಮುದ್ರಿಸಿದ. ಆ ಮೌನವೇ ಅಭಿಮಾನಿಗಳನ್ನು ಕೆರಳಿಸಿತು. ಚಂಗ್ ತೇ ಚುನ್ ಎಂಬ ಜನಪರ ಗಾಯಕರು ಅದಕ್ಕೂ ಮೊದಲೇ, 1990ರಿಂದ, ಪರಿಶೀಲನೆಗೆ ಒಪ್ಪಿಸದೆ ಧ್ವನಿಮುದ್ರಿಕೆ ಹೊರತಂದು ಹೋರಾಟ ನಡೆಸಿದ್ದರು. 1996ರಲ್ಲಿ ಪೂರ್ವ ಪರಿಶೀಲನೆಯ ಪದ್ಧತಿಯೇ ರದ್ದಾಯಿತು. ಸೊ ತೈಜಿಯ ಹಾಡು ಮಾತುಗಳೊಂದಿಗೆ ಮತ್ತೆ ಹೊರಬಂತು.

ಅದೇ 1996ರ ಸೆಪ್ಟೆಂಬರ್‌ನಲ್ಲಿ ಎಚ್.ಓ.ಟಿ. ಎಂಬ ಐವರ ತಂಡ ವೇದಿಕೆ ಏರಿತು. ಸ್ವತಃ ಗಾಯಕರಾಗಿದ್ದ ಲೀ ಸೂ ಮಾನ್ ಅವರ ಕಂಪನಿ ಹದಿಹರೆಯದವರನ್ನು ಆರಿಸಿ ತರಬೇತಿ ಕೊಟ್ಟು ಕಟ್ಟಿದ ತಂಡವಿದು. ಇದರ ಅಭಿಮಾನಿಗಳು ಬಿಳಿ ಬಲೂನು ಹಿಡಿದರು. ಪ್ರತಿಸ್ಪರ್ಧಿ ತಂಡ ಸೆಕ್ಸ್‌ಕೀಸ್‌ನವರದು ಹಳದಿ. ಮುಂದೆ ಬಲೂನಿನ ಜಾಗಕ್ಕೆ ಬೆಳಗುವ ಕೋಲು ಬಂತು. ಇವತ್ತಿನ ಕೋಲುಗಳು ಬ್ಲೂಟೂತ್ ಸಂಪರ್ಕದಿಂದ ಹಾಡಿಗೆ ತಕ್ಕಂತೆ ತಾವೇ ಬಣ್ಣ ಬದಲಿಸುತ್ತವೆ. 2000ದ ಫೆಬ್ರುವರಿ 1ರಂದು ಎಚ್.ಓ.ಟಿ. ಬೀಜಿಂಗ್‌ನಲ್ಲಿ ಹಾಡಿತು. ಹೊರದೇಶಗಳಲ್ಲಿ ಕೊರಿಯನ್ ಗೋಷ್ಠಿಗಳ ಸರಣಿ ಬೆಳೆದದ್ದು ಆ ಬಳಿಕ.

ಬೆಲೆ ತೆತ್ತವರು

ಇದು ಬರೀ ವಿಜಯಗಾಥೆಯಲ್ಲ. ಪ್ಯಾರಿಸ್‌ನಲ್ಲಿ ಹಾಡಿದ ಟಿವಿಎಕ್ಸ್‌ಕ್ಯು ಮೂಲತಃ ಐವರ ತಂಡ. ಅಲ್ಲಿ ವೇದಿಕೆ ಮೇಲಿದ್ದವರು ಇಬ್ಬರೇ. ಉಳಿದ ಮೂವರು 13 ವರ್ಷಗಳ ಒಪ್ಪಂದ ಅನ್ಯಾಯದ್ದೆಂದು 2009ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಅದೇ ವರ್ಷ ಕೊರಿಯಾದ ವ್ಯಾಪಾರ ಆಯೋಗ ಏಳು ವರ್ಷಗಳ ಮಿತಿಯ ಮಾದರಿ ಒಪ್ಪಂದವನ್ನು ಹೊರಡಿಸಿತು.

ಸಭಿಕರ ಶಕ್ತಿಯೂ ಯಾವಾಗಲೂ ಸೌಮ್ಯವಲ್ಲ. 2008ರ ಜೂನ್‌ನಲ್ಲಿ ಹಲವು ತಂಡಗಳು ಒಂದೇ ವೇದಿಕೆಯಲ್ಲಿ ಹಾಡುವ ಡ್ರೀಮ್ ಕಾನ್ಸರ್ಟ್‌ನಲ್ಲಿ ಗರ್ಲ್ಸ್ ಜನರೇಷನ್ ತಂಡದ ಸರದಿ ಬಂದಾಗ ಬೇರೆ ತಂಡಗಳ ಅಭಿಮಾನಿಗಳು ದೀಪಗಳನ್ನು ಆರಿಸಿ ಸುಮ್ಮನೆ ಕುಳಿತರು. ಸುಮಾರು ಹತ್ತು ನಿಮಿಷ ಆ ಹುಡುಗಿಯರು ಕತ್ತಲೆಗೆ ಹಾಡಿದರು. 'ಕಪ್ಪು ಸಮುದ್ರ' ಎಂದೇ ಈ ಘಟನೆಗೆ ಹೆಸರು ಬಿತ್ತು. ಮೂರು ವರ್ಷಗಳ ಬಳಿಕ ಪ್ಯಾರಿಸ್‌ನಲ್ಲಿ ದೀಪಗಳ ನಡುವೆ ಹಾಡಿದವರಲ್ಲಿ ಇದೇ ಹುಡುಗಿಯರೂ ಇದ್ದರು. 2014ರ ಅಕ್ಟೋಬರ್ 17ರಂದು ಸೋಲ್ ಬಳಿಯ ಪಾಂಗ್ಯೊದಲ್ಲಿ ಬಯಲು ಗೋಷ್ಠಿ ನೋಡಲು ಗಾಳಿಕಿಂಡಿಯ ಕಬ್ಬಿಣದ ಜಾಲರಿಯ ಮೇಲೆ ಜನ ನಿಂತಿದ್ದಾಗ ಅದು ಕುಸಿದು 16 ಮಂದಿ ಸತ್ತರು.

ಮತ್ತೆ ಮೌನ, ಮತ್ತೆ ದನಿ

2019ರ ಜೂನ್ 1 ಮತ್ತು 2ರಂದು ಬಿಟಿಎಸ್ ತಂಡ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಹಾಡಿತು. ಆ ಕ್ರೀಡಾಂಗಣದಲ್ಲಿ ಮುಖ್ಯ ಗೋಷ್ಠಿ ನಡೆಸಿದ ಮೊದಲ ಕೊರಿಯನ್ ತಂಡವಿದು. ಗೋಷ್ಠಿ ಮುಗಿಯುವ ಹೊತ್ತಿಗೆ ಸಭಿಕರೇ ತಂಡದ 'ಯಂಗ್ ಫಾರೆವರ್' ಹಾಡನ್ನು ಎತ್ತಿಕೊಂಡರು. ಕೇಳುತ್ತ ನಿಂತ ಗಾಯಕರ ಕಣ್ಣು ತುಂಬಿತು. ಆ ಗಳಿಗೆಯಲ್ಲಿ ಹಾಡುವವರು ಕೇಳುಗರಾಗಿದ್ದರು, ಕೇಳುವವರು ಹಾಡುಗಾರರಾಗಿದ್ದರು.

ಬಳಿಕ ಕೋವಿಡ್ ಬಂತು. 2022ರ ಮಾರ್ಚ್‌ನಲ್ಲಿ ಅದೇ ತಂಡ ಸೋಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಮೂರು ಗೋಷ್ಠಿ ನಡೆಸಿತು. ದಿನಕ್ಕೆ 15 ಸಾವಿರ ಮಂದಿಗೆ ಮಾತ್ರ ಪ್ರವೇಶ. ಕೂಗುವಂತಿಲ್ಲ, ಜೊತೆಗೂಡಿ ಹಾಡುವಂತಿಲ್ಲ, ಎದ್ದು ನಿಲ್ಲುವಂತಿಲ್ಲ. ಚಪ್ಪಾಳೆಯ ಬದಲು ಬಡಿಯಲು ಕೈಗೊಂದು ಮಡಚಿದ ಕಾಗದ ಕೊಟ್ಟಿದ್ದರು. ಸಾವಿರಾರು ಜನ ಬಾಯಿ ಮುಚ್ಚಿ ಕುಳಿತು ಕಾಗದ ಬಡಿದರು. ಹಿಂದೊಮ್ಮೆ ಆಳುವವರ ಭಯದಿಂದ ಮೌನವಾಗಿದ್ದ ನಗರ ಈಗ ಪಕ್ಕದವರ ಜೀವದ ಮೇಲಿನ ಕಾಳಜಿಯಿಂದ ಮೌನ ತಾಳಿತ್ತು. ಎರಡೂ ಮೌನವೇ, ಆದರೆ ಒಂದೇ ಅಲ್ಲ.

ಪರದೇಶಕ್ಕೆ ಹೋದ ನಮ್ಮ ಮನೆಯ ಮಕ್ಕಳು ಇಂಥ ಗೋಷ್ಠಿಯ ಟಿಕೆಟಿಗೆ ಹಣ ಸುರಿದರೆಂದು ಹಿರಿಯರು ಗೊಣಗಿದರೆ ತಪ್ಪೇನಿಲ್ಲ. ಆದರೆ 1969ರಲ್ಲಿ ಸೋಲ್‌ನ ಹಿರಿಯರೂ ಹೀಗೆಯೇ ಗೊಣಗಿದ್ದರು ಎಂಬುದು ನೆನಪಿರಲಿ. ಅಂದು ಕೂಗಿದ್ದಕ್ಕೆ ಛೀಮಾರಿ ಹಾಕಿಸಿಕೊಂಡ ಆ ಹುಡುಗಿಯರು ಇಂದು ಅಜ್ಜಿಯರಾಗುವ ವಯಸ್ಸಿನವರು. ಅವರ ಮೊಮ್ಮಕ್ಕಳ ಓರಗೆಯವರ ಹಾಡಿಗೆ ಈಗ ಪ್ಯಾರಿಸ್, ಲಂಡನ್‌ಗಳು ಕೂಗುತ್ತಿವೆ.