ಅಂಜೂರದ ಕುಂಡವೂ ಮಾಗಿಯ ಚಳಿಯೂ

ಗುಂಡ್ಲುಪೇಟೆಯ ಸೀಮೆಯಲ್ಲಿ ಚಳಿಗೆ ಹೆಸರಾದ ಸ್ಥಳವು ಹಿಮವದ್ಗೋಪಾಲಸ್ವಾಮಿಯ ಬೆಟ್ಟವು. ಸಮುದ್ರಮಟ್ಟಕ್ಕೆ 1,454 ಮೀಟರು ಎತ್ತರದಲ್ಲಿರುವ ಆ ಶಿಖರವನ್ನು ಮಂಜು ಮುಸುಕಿರುವುದರಿಂದಲೇ ಅದಕ್ಕೆ ಆ ವಿಶೇಷಣವು ಸಂದಿತು. ಆದರೆ ಹೆಸರಿನೊಳಗಣ ಹಿಮವು ಬೇರೆ, ನೀರನ್ನು ಗಡ್ಡೆಕಟ್ಟಿಸುವ ಹಿಮವು ಬೇರೆ. ಈ ಭೇದವನ್ನು ಎಣಿಸದೆ, ಕುಂಡದಲ್ಲಿ ಬೆಳೆದ ಅಂಜೂರಕ್ಕೆ ಚಳಿಗಾಲದಲ್ಲಿ ಮಾಡತಕ್ಕ ಆರೈಕೆಯ ಚರಿತ್ರೆಯನ್ನು ತಿಳಿಯುವುದು ಶಕ್ಯವಲ್ಲ.

ಅಂಜೂರವು ಪಶ್ಚಿಮ ಏಷ್ಯದ ಮರ. ಕನ್ನಡನಾಡಿನ ಅತ್ತಿ, ಆಲ, ಅರಳಿಗಳಿಗೆ ದಾಯಾದಿ. ಚಳಿ ಬಂದೊಡನೆ ಎಲೆಯುದುರಿಸಿ ಮಲಗುವುದು ಅದರ ಹುಟ್ಟುಗುಣ. ಇದನ್ನು ಉತ್ತರದ ದೇಶಗಳಿಗೆ ಕೊಂಡೊಯ್ದವರಿಗೆ ಕಷ್ಟವು ಕಾದಿತ್ತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಗೆ ಅಂಜೂರವೆಂದರೆ ಬಹಳ ಪ್ರೀತಿ. ಅವನ ತೋಟಗಾರನಾದ ಲಾ ಕ್ವಿಂತಿನಿಯು ವರ್ಸೇಲ್ಸಿನಲ್ಲಿ 1678ರಿಂದ 1683ರವರೆಗೆ ಅರಮನೆಯ ಹಣ್ಣುತರಕಾರಿಗಳ ತೋಟವನ್ನು ನಿರ್ಮಿಸಿದನು. ಅಲ್ಲಿ ನೂರಾರು ಅಂಜೂರದ ಗಿಡಗಳನ್ನು ಮರದ ತೊಟ್ಟಿಗಳಲ್ಲಿ ಬೆಳೆಸಿ, ಚಳಿಗೆ ಮುಂಚೆ ಮಾಡಿನೊಳಕ್ಕೆ ಸಾಗಿಸುತ್ತಿದ್ದರು. ಪ್ಯಾರಿಸಿನ ಬಳಿಯ ಆರ್ಜಾಂತೇಯ ಬಡ ಬೇಸಾಯಗಾರರಿಗೆ ಅಂತಹ ಮಾಡಿರಲಿಲ್ಲ; ಅವರು ಕೊಂಬೆಗಳನ್ನೇ ಬಾಗಿಸಿ, ಅಗೆದ ಕಾಲುವೆಯಲ್ಲಿಟ್ಟು ಮಣ್ಣು ಮುಚ್ಚುತ್ತಿದ್ದರು. ದೊರೆಯ ಉಪಾಯಕ್ಕಿಂತ ಇದೇ ಜಾಣತನದ್ದೆನ್ನಬೇಕು. ನೆಲದಲ್ಲಿರುವ ಬೇರಿಗೆ ಭೂಮಿಯೇ ಹೊದಿಕೆ. ಕುಂಡದ ಬೇರಿಗಾದರೋ ಸುತ್ತಲಿಂದಲೂ ಶೀತವು ತಗಲುವುದು. ಎಲೆಯಿಲ್ಲದೆ ಮಲಗಿದ ಗಿಡಕ್ಕೆ ಬೆಳಕು ಬೇಡ, ನೀರೂ ಅತ್ಯಲ್ಪ ಸಾಕು. ಮಾಡಿನೊಳಗೆ ಅದಕ್ಕೆ ಬೇಕಾದುದು ಬೆಚ್ಚನೆಯ ಉಪಚಾರವಲ್ಲ, ನಿದ್ದೆಗೆಡದ ವಿಶ್ರಾಂತಿ.

ಲಾ ಕ್ವಿಂತಿನಿಯ ಗ್ರಂಥವು ಅವನ ಮರಣಾನಂತರ 1690ರಲ್ಲಿ ಅಚ್ಚಾಯಿತು. 1693ರಲ್ಲಿ ಜಾನ್ ಈವ್ಲಿನ್ನನು ಅದನ್ನು ಇಂಗ್ಲಿಷಿಗೆ ತಂದನು. ಮೈಸೂರು ಸಂಸ್ಥಾನದ ತೋಟಗಳಿಗೂ ಚಳಿದೇಶದ ವಿದ್ಯೆಯು ಬಂದುದು ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಪಳಗಿದವರ ಕೈಯಿಂದ. ಬೆಂಗಳೂರಿನ ಲಾಲ್‌ಬಾಗಿಗೆ 1874ರಲ್ಲಿ ಕ್ಯಾಮರನ್ನನೂ 1908ರಲ್ಲಿ ಕ್ರುಂಬಿಗಲ್ಲನೂ ಅಧಿಕಾರಿಗಳಾಗಿ ಬಂದರು. ಅಲ್ಲಿನ ಗಾಜಿನಮನೆಗೆ 1889ರಲ್ಲಿ ಅಸ್ತಿಭಾರವನ್ನಿಟ್ಟರು. ಯೂರೋಪಿನಲ್ಲಿ ಗಾಜಿನಮನೆಯು ಗಿಡಗಳನ್ನು ಚಳಿಯಿಂದ ಕಾಯುವ ಕೋಟೆ. ಬೆಂಗಳೂರಿನಲ್ಲಿ ಅದಕ್ಕೆ ಪಕ್ಕದ ಗೋಡೆಗಳೇ ಇಲ್ಲ, ಅದು ಫಲಪುಷ್ಪ ಪ್ರದರ್ಶನದ ಮಂಟಪವಾಯಿತು. ಹೀಗೆ ರೂಪವು ಉಳಿದು ಪ್ರಯೋಜನವು ಬದಲಾದುದು ವಿಚಾರಾರ್ಹವಾಗಿದೆ.

ಚಳಿಯ ನಿಜವಾದ ಹಾವಳಿಯನ್ನು ಕಾಣಬೇಕಾದರೆ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಉದಕಮಂಡಲಕ್ಕೆ ಏರಬೇಕು. ಅಲ್ಲಿ ಮೆಕೈವರನು 1848ರಿಂದ ರೂಪಿಸಿದ ಸಸ್ಯೋದ್ಯಾನದಲ್ಲಿ, ಮಂಜು ಹೆಪ್ಪುಗಟ್ಟುವ ಇರುಳುಗಳಲ್ಲಿ ಎಳೆಗಿಡಗಳನ್ನು ಕುರುಚಲು ಸೊಪ್ಪಿನ ಕೊಂಬೆಗಳಿಂದ ಮರೆಮಾಡುವ ವಾಡಿಕೆಯುಂಟು. ಬಯಲಿನ ಕಡೆಗೆ ನೋಡಿದರೆ ಶ್ರೀರಂಗಪಟ್ಟಣದ ಗಂಜಾಂ. 1792ರ ಮುತ್ತಿಗೆಯಲ್ಲಿ ಅಲ್ಲಿನ ಲಾಲ್‌ಬಾಗಿನ ಸೈಪ್ರೆಸ್ ಮರಗಳನ್ನು ಆಂಗ್ಲರ ಸೇನೆಯು ಕಡಿದುಹಾಕಿತು. ಅಂಜೂರದ ಒಂದು ತಳಿಯಾದರೋ ಇಂದಿಗೂ ಆ ಊರಿನ ಹೆಸರನ್ನೇ ಹೊತ್ತಿದೆ. ಆ ಬಯಲಿನಲ್ಲಿ ಅಂಜೂರಕ್ಕೆ ಹೊದಿಕೆಯ ಅಗತ್ಯವಿಲ್ಲ.

ಚಾಮರಾಜನಗರ, ಗುಂಡ್ಲುಪೇಟೆಗಳ ಬಯಲಿಗೂ ಇದೇ ನ್ಯಾಯ. ಇಲ್ಲಿ ಕುಂಡದ ಗಿಡಕ್ಕೆ ಶತ್ರುವು ಚಳಿಗಿಂತ ಮಿಗಿಲಾಗಿ ನೀರು. ಆಶ್ವಯುಜ ಕಾರ್ತಿಕಗಳ ಹಿಂಗಾರು ಮಳೆಯಲ್ಲಿ ಎಲೆಗೆ ತುಕ್ಕುರೋಗ ಹತ್ತುವುದು. ನೀರು ಬಸಿಯದ ಕುಂಡದಲ್ಲಿ ಬೇರು ಕೊಳೆಯುವುದು. ಬಳಿಕ ಎಲೆಯುದುರಿದ ಬೋಳುಗಿಡವನ್ನು ಕಂಡು, ಬಾಡಿತೆಂದು ಬಗೆದು ಕೊಡಗಟ್ಟಲೆ ನೀರೆರೆದರೆ, ಮಲಗಿದ ಗಿಡವು ಸತ್ತೇಹೋಗಬಹುದು. ಇಲ್ಲವೆ ಸತ್ತಿತೆಂದೇ ಕಿತ್ತೆಸೆಯುವುದುಂಟು. ಕುಂಡವನ್ನು ಜಗಲಿಯ ಗೋಡೆಯ ಬದಿಗೆ ಸರಿಸಿ, ಕಲ್ಲಿನ ಮೇಲೆತ್ತಿಟ್ಟು, ಮಣ್ಣು ಒಣಗಿದಾಗ ಮಾತ್ರ ತುಸು ನೀರು ಹನಿಸುವುದು ಸಾಕು. ಸಂದೇಹವಿದ್ದಲ್ಲಿ ಉಗುರಿನಿಂದ ತೊಗಟೆಯನ್ನು ಕೊಂಚ ಕೆರೆದು ನೋಡಬೇಕು. ಒಳಗೆ ಹಸಿರು ಕಂಡರೆ ಗಿಡದಲ್ಲಿ ಜೀವವಿದೆ.