ಪಾನ್ ಸುಪಾರಿ ಬಜಾರಿನಿಂದ ಗುಟ್ಕಾ ಪ್ಯಾಕೆಟ್‌ವರೆಗೆ: ನೋವು, ನಿದ್ದೆ ಮತ್ತು ನಮ್ಮ ಕಡೆಯ ಗಿಡಗಳು

1/7
ಮೊದಲನೇ ಫೋಟೋ ಬರೀ ಕಲ್ಲಿನ ರಾಶಿ ಅಂತ ಸ್ವೈಪ್ ಮಾಡಿಬಿಡಬೇಡಿ. ಹಂಪಿಯ ಹಜಾರರಾಮ ದೇವಸ್ಥಾನದ ಹತ್ತಿರದಿಂದ ಈಶಾನ್ಯಕ್ಕೆ ಹೋಗೋ ಬೀದಿ ಇದು. ಹೆಸರು ಪಾನ್ ಸುಪಾರಿ ಬಜಾರ್. ಗೈಡ್‌ಗಳು ಕಟ್ಟಿದ ಕತೆ ಅಲ್ಲ ಈ ಹೆಸರು. ಇಲ್ಲೇ ಇರೋ ಪಾರ್ಶ್ವನಾಥ ಬಸದಿಯ ಶಾಸನ ಶಕ 1348ರದ್ದು, ಅಂದ್ರೆ ಕ್ರಿ.ಶ. 1426. ಇಮ್ಮಡಿ ದೇವರಾಯ ಬಸದಿ ಕಟ್ಟಿಸಿದ ಬೀದಿಯನ್ನ ಅದು ಕ್ರಮುಕಪರ್ಣಾಪಣ ವೀಥಿ ಅಂತ ಕರೆಯುತ್ತೆ. ಕ್ರಮುಕ ಅಂದ್ರೆ ಅಡಿಕೆ, ಪರ್ಣ ಅಂದ್ರೆ ಎಲೆ, ಆಪಣ ಅಂದ್ರೆ ಅಂಗಡಿ. ಎಲೆ-ಅಡಿಕೆ ಅಂಗಡಿ ಬೀದಿ, ಅಷ್ಟೇ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಪರೀಕ್ಷೆ ಟೈಮ್ ಬಂತು ಅಂದ್ರೆ ಸಾಕು, 'ವಿಜಯನಗರದ ಅರಸರು ನಿದ್ದೆಗೆ ಬಳಸುತ್ತಿದ್ದ ಗುಟ್ಟಿನ ಗಿಡಮೂಲಿಕೆ' ಅನ್ನೋ ಥರದ ರೀಲ್‌ಗಳು ಕ್ಲಾಸ್ ಗ್ರೂಪಲ್ಲಿ ಓಡಾಡೋಕೆ ಶುರು. ಕೊನೆಗೆ ಒಂದು ಡಬ್ಬಿ ಮಾರ್ತಾರೆ. ಡಬ್ಬಿ ವಿಷಯ ಆಮೇಲೆ. ಮೊದಲು, ಆ ಕಾಲದಲ್ಲಿ ಇಲ್ಲಿಗೆ ಬಂದವರು ಏನು ಬರೆದಿದ್ದಾರೆ ನೋಡೋಣ ಬನ್ನಿ.

2/7
1443ರಲ್ಲಿ ಹೆರಾತ್‌ನಿಂದ ಅಬ್ದುರ್ ರಜಾಕ್ ಬಂದ. ತೈಮೂರನ ಮಗ ಶಾರುಖ್ ಕಳಿಸಿದ ರಾಯಭಾರಿ. ಸಮುದ್ರ ಅಂದ್ರೆ ಅವನಿಗೆ ಭಯ, ದಾರಿಯಲ್ಲಿ ಕಾಯಿಲೆ ಬಿದ್ದ, ಓಮಾನ್ ತೀರದಲ್ಲಿ ಅಣ್ಣನನ್ನೂ ಕಳಕೊಂಡ. ಅಂಥವನು ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಾಗ ಏನು ಸಿಕ್ತು ಗೊತ್ತಾ? ರಾಜನನ್ನ ನೋಡೋಕೆ ಹೋದಾಗೆಲ್ಲ ವೀಳ್ಯದ ಕಟ್ಟು, 500 ಪಣದ ಚೀಲ, 20 ಮಿಸ್ಕಾಲ್ ಕರ್ಪೂರ.

ವೀಳ್ಯದ ಬಗ್ಗೆ ಅವನು ಬರೆದಿರೋದು ಓದಿದ್ರೆ ನಮ್ಮ ಅಜ್ಜಿ ಮಾತಾಡಿದ ಹಾಗೇ ಇದೆ. ಅಡಿಕೆ ಜಜ್ಜಿ ಬಾಯಿಗೆ ಹಾಕ್ಕೊಳ್ತಾರೆ, ಎಲೆಗೆ ಸುಣ್ಣ ಸವರಿ ಮಡಿಸ್ತಾರೆ, ಕೆಲವು ಸಲ ಕರ್ಪೂರ ಸೇರಿಸ್ತಾರೆ. ಮುಖಕ್ಕೆ ಕಳೆ ಬರುತ್ತೆ, ದ್ರಾಕ್ಷಾರಸ ಕುಡಿದ ಹಾಗೆ ಹಗುರ ಅಮಲು, ಹಸಿದವನ ಹಸಿವು ತಣಿಯುತ್ತೆ, ಉಂಡವನಿಗೆ ಮತ್ತೆ ಹಸಿವಾಗುತ್ತೆ, ಬಾಯಿ ವಾಸನೆ ಹೋಗುತ್ತೆ, ಹಲ್ಲು ಗಟ್ಟಿ. ನಿದ್ದೆ ಬರುತ್ತೆ ಅಂತ ಎಲ್ಲೂ ಇಲ್ಲ ನೋಡಿ. ಇದನ್ನ ನೆನಪಿಟ್ಟುಕೊಳ್ಳಿ.

3/7
ಸ್ವಲ್ಪ ಕೆಮಿಸ್ಟ್ರಿ. ಆರ್ಟ್ಸ್‌ನವರು ಓಡಬೇಡಿ, ನಾನೂ ಆರ್ಟ್ಸೇ.

ಅಡಿಕೆಯಲ್ಲಿ ಮುಖ್ಯವಾದ ವಸ್ತು ಅರೆಕೋಲಿನ್. ಅದು ನರಗಳನ್ನ ಚುರುಕು ಮಾಡುತ್ತೆ, ಎದೆಬಡಿತ ಏರುತ್ತೆ, ಬೆವರು ಬರುತ್ತೆ, ಎಚ್ಚರ ಹೆಚ್ಚುತ್ತೆ. ಸುಣ್ಣ ಬಿದ್ದಾಗ ಅದರಲ್ಲಿ ಒಂದಷ್ಟು ಅರೆಕೈಡಿನ್ ಆಗಿ ಬದಲಾಗುತ್ತೆ. ಅಡಿಕೆಯಲ್ಲೇ ಗುವಾಸಿನ್ ಅಂತ ಇನ್ನೊಂದಿದೆ. ಸಂಸ್ಕೃತದಲ್ಲಿ ಅಡಿಕೆಗೆ ಗುವಾಕ ಅಂತಲೂ ಹೆಸರು, ಅದರಿಂದಲೇ ಆ ಹೆಸರಿಟ್ಟಿದ್ದು. ನಮ್ಮ ಮೆದುಳಲ್ಲಿ ಗಾಬಾ ಅನ್ನೋ ರಾಸಾಯನಿಕ ಬ್ರೇಕ್ ಥರ ಕೆಲಸ ಮಾಡುತ್ತೆ, ಆತಂಕ ಇಳಿಸುತ್ತೆ. ಗುವಾಸಿನ್, ಅರೆಕೈಡಿನ್ ಎರಡೂ ಆ ಗಾಬಾವನ್ನ ಜೀವಕೋಶಗಳು ಬೇಗ ಹೀರಿಕೊಳ್ಳದ ಹಾಗೆ ತಡೀತವೆ ಅಂತ 1970ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಗೊತ್ತಾಯ್ತು. ಆದ್ರೆ ಇವು ರಕ್ತದಿಂದ ಮೆದುಳಿಗೆ ಸುಲಭವಾಗಿ ದಾಟಲ್ಲ. ಇದೇ ಬಳಗದ ಇನ್ನೊಂದು ಅಣುವಿಗೆ ಕೊಬ್ಬಿನಲ್ಲಿ ಕರಗೋ ಬಾಲ ಜೋಡಿಸಿದ ಮೇಲೆ ಮೂರ್ಛೆರೋಗದ ಒಂದು ಔಷಧಿಯೇ ಬಂತು, ಟಯಾಗಬಿನ್ ಅಂತ.

ಎಲೆಯ ಖಾರಕ್ಕೆ ಒಂದು ಕಾರಣ ಯೂಜಿನಾಲ್. ಲವಂಗದಲ್ಲೂ ಅದೇ. ಹಲ್ಲುನೋವಿಗೆ ಲವಂಗ ಕಚ್ಚಿಕೊಂಡ್ರೆ ಜುಂ ಅನ್ನೋದು ಅದರಿಂದಲೇ. ಹಾಗಾಗಿ ರಜಾಕ್ ಹೇಳಿದ್ದು ಬಹುಪಾಲು ಸರಿ. ಹಲ್ಲು ಗಟ್ಟಿ ಅನ್ನೋದನ್ನ ಮಾತ್ರ ಯಾವ ಡೆಂಟಿಸ್ಟೂ ಒಪ್ಪಲ್ಲ.

4/7
ಈಗ ನಿಜವಾಗ್ಲೂ ನಿದ್ದೆಯ ಕತೆ. ಇದಕ್ಕೆ ಗೋವಾಕ್ಕೆ ಹೋಗಬೇಕು. ವಿಜಯನಗರದ ಕುದುರೆಗಳೂ ಅಲ್ಲಿಂದಲೇ ಬರ್ತಿದ್ವು, ಹಾಗಾಗಿ ದೂರ ಏನಲ್ಲ.

1534ರಲ್ಲಿ ಗಾರ್ಸಿಯಾ ದ ಓರ್ತಾ ಅನ್ನೋ ಪೋರ್ಚುಗೀಸ್ ವೈದ್ಯ ಗೋವಾಕ್ಕೆ ಬಂದ. ಅಹಮದನಗರದ ಬುರ್ಹಾನ್ ನಿಜಾಮ್ ಶಾಗೂ ವೈದ್ಯ, ಗೆಳೆಯ. ಈ ಬುರ್ಹಾನನ ಮಗ ಹುಸೇನ್ ನಿಜಾಮ್ ಶಾನೇ 1565ರ ಜನವರಿಯಲ್ಲಿ ಅಳಿಯ ರಾಮರಾಯನ ತಲೆ ತೆಗೆಸಿದ್ದು. ಆ ಯುದ್ಧಕ್ಕೆ ಎರಡು ವರ್ಷ ಮೊದಲು, 1563ರ ಏಪ್ರಿಲ್‌ನಲ್ಲಿ, ಓರ್ತಾನ ಪುಸ್ತಕ ಗೋವಾದಲ್ಲೇ ಅಚ್ಚಾಯ್ತು. ಇಬ್ಬರು ವೈದ್ಯರು ಕೂತು ಮಾತಾಡಿದ ಹಾಗೆ ಬರೆದಿದ್ದಾನೆ. ಭಾರತದ ಗಿಡಮದ್ದುಗಳ ಬಗ್ಗೆ ಯುರೋಪಿನವರು ನೂರಾರು ವರ್ಷ ಓದಿದ್ದು ಇದನ್ನೇ, ಅದೂ ಬಹುತೇಕ ಲ್ಯಾಟಿನ್ ಸಂಗ್ರಹದಲ್ಲಿ.

ಭಂಗಿಯ ಅಧ್ಯಾಯದಲ್ಲಿ ಒಂದು ಮಾತು ಬರುತ್ತೆ. ಹಿಂದಿನ ಕಾಲದ ದೊಡ್ಡ ಸೇನಾಪತಿಗಳು ಇದನ್ನ ದ್ರಾಕ್ಷಾರಸದ ಜೊತೆಗೋ ಅಫೀಮಿನ ಜೊತೆಗೋ ತಗೊಳ್ತಿದ್ರಂತೆ. ಯಾಕಂದ್ರೆ ರಾತ್ರಿಯಿಡೀ ಎದ್ದಿರೋದೇ ಅವರಿಗೆ ಹಿಂಸೆಯಾಗಿತ್ತು. ದಣಿವು ಆರಬೇಕು, ಚಿಂತೆ ಮರೀಬೇಕು, ಕಣ್ಣು ಮುಚ್ಚಬೇಕು. ಇದು ನಿಜ ಅಲ್ಲದೇನೂ ಇರಬಹುದು, ಕೇಳಿದ್ದು ಅಂತ ಓರ್ತಾನೇ ಸೇರಿಸ್ತಾನೆ. ಅವನ ಮೇಲೆ ನನಗೆ ಗೌರವ ಬಂದಿದ್ದು ಈ ಒಂದು ಮಾತಿಗೆ. ಕೇಳಿದ್ದು ಯಾವುದು, ಕಂಡಿದ್ದು ಯಾವುದು ಅಂತ 460 ವರ್ಷದ ಹಿಂದಿನ ಮನುಷ್ಯ ಬೇರೆ ಮಾಡಿ ಹೇಳ್ತಾನೆ, ರೀಲ್ ಮಾಡೋರು ಹೇಳಲ್ಲ.

ಗಮನಿಸಿ: ಇಲ್ಲಿ ನೋವು, ಚಿಂತೆ, ನಿದ್ದೆಗೇಡು ಮೂರೂ ಒಂದೇ ಗಂಟು. ನಿದ್ದೆ ಕೆಟ್ಟವರಿಗೆ ಅದೇ ನೋವು ಜಾಸ್ತಿ ಅನ್ನಿಸುತ್ತೆ, ನೋವಿದ್ದವರಿಗೆ ನಿದ್ದೆ ಬರಲ್ಲ ಅಂತ ಇವತ್ತಿನ ಸಂಶೋಧನೆಯೂ ಹೇಳುತ್ತೆ. ಅದೇ ಪುಸ್ತಕದಲ್ಲಿ ಉಮ್ಮತ್ತಿಯೂ ಇದೆ. ಅದನ್ನ ಕಳ್ಳರು ಊಟಕ್ಕೆ ಬೆರೆಸಿ, ತಿಂದವರು ಮೈಮರೆತು ನಗ್ತಾ ಕೂತಾಗ ಮನೆ ದೋಚ್ತಿದ್ರಂತೆ.

ಓರ್ತಾನ ಕೊನೆ ಬೇಜಾರು. ಯಹೂದಿ ಮೂಲದ ಮನೆತನ. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ತಂಗಿ ಕತರೀನಾಳನ್ನ ಗೋವಾದ ಇನ್‌ಕ್ವಿಸಿಷನ್ ಸುಟ್ಟಿತು. 1580ರಲ್ಲಿ ಇವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು.

5/7
ಕನ್ನಡದಲ್ಲಿ ಯಾರೂ ಬರೀಲಿಲ್ವಾ? ಬರೆದಿದ್ದಾರೆ. ವಿಜಯನಗರ ಇನ್ನೂ ಎಳೆಯದಿದ್ದಾಗ, ಸುಮಾರು 1360ರಲ್ಲಿ, ಮಂಗರಾಜ 'ಖಗೇಂದ್ರಮಣಿದರ್ಪಣ' ಬರೆದ. ಅದು ವಿಷವೈದ್ಯದ ಗ್ರಂಥ, ಗಿಡದ ವಿಷವೂ ಹಾವಿನ ವಿಷವೂ ಅದರಲ್ಲಿವೆ. ಮದ್ದು, ವಿಷ ಎರಡನ್ನೂ ಒಂದೇ ಕಣ್ಣಲ್ಲಿ ನೋಡಿದ ಕನ್ನಡಿಗ.

ಇನ್ನು ನಮ್ಮ ಮನೆಗಳ ಗಸಗಸೆ ಪಾಯಸ. ಕುಡಿದ್ರೆ ನಿದ್ದೆ ಅಂತ ಎಲ್ಲರ ಅಮ್ಮಂದಿರೂ ಹೇಳ್ತಾರೆ. ಗಸಗಸೆ, ಅಫೀಮು ಒಂದೇ ಗಿಡದ್ದು. ಅಫೀಮು ಕಾಯಿಯ ಹಾಲಲ್ಲಿರುತ್ತೆ, ಬೀಜದ ಮೇಲೆ ಅಂಟಿರೋದು ಅತ್ಯಲ್ಪ, ತೊಳೆದು ಹುರಿದ್ರೆ ಅದೂ ಕಡಿಮೆ. ನನ್ನ ಪ್ರಕಾರ ನಿದ್ದೆ ಬರಿಸೋದು ಹಬ್ಬದ ಊಟ, ಕಾಯಿಹಾಲು, ಬೆಲ್ಲ, ಮಧ್ಯಾಹ್ನದ ಬಿಸಿಲು. ಆದ್ರೂ ದುಬೈಗೆ ಹೋಗೋರು ಬ್ಯಾಗಲ್ಲಿ ಗಸಗಸೆ ಇಟ್ಕೋಬೇಡಿ, ಅಲ್ಲಿ ನಿಷೇಧ. ಅದೇ ಅಫೀಮಿನಿಂದ 1805ರ ಸುಮಾರಿಗೆ ಜರ್ಮನಿಯ ಸೆರ್ಟ್ಯೂರ್ನರ್ ನೋವು ಕೊಲ್ಲೋ ಸತ್ವ ಬೇರ್ಪಡಿಸಿ, ಗ್ರೀಕರ ಕನಸಿನ ದೇವರು ಮಾರ್ಫಿಯಸ್ ಹೆಸರಿಟ್ಟ. ಮಾರ್ಫಿನ್ ಬಂದಿದ್ದು ಹಾಗೆ.

ಪಶ್ಚಿಮಘಟ್ಟದ ಸರ್ಪಗಂಧದ್ದು ಇನ್ನೊಂದು ದಾರಿ. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಹುಚ್ಚಿಗೂ ರಕ್ತದೊತ್ತಡಕ್ಕೂ ಇದು ಮದ್ದು ಅಂತ ಬರೆದ್ರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರಿಸರ್ಪಿನ್ ತೆಗೀತು. ಕೆಲವೇ ವರ್ಷದಲ್ಲಿ ಅಮೆರಿಕದ ಮಾನಸಿಕ ಆಸ್ಪತ್ರೆಗಳನ್ನ ತಲುಪಿತು. ಆಮೇಲೆ ಖಿನ್ನತೆ ತರುತ್ತೆ ಅನ್ನೋ ದೂರು ಬಂದು ಹಿಂದೆ ಸರೀತು.

6/7
ಆರನೇ ಫೋಟೋ ಸಂಡೂರು–ಹೊಸಪೇಟೆ ರಸ್ತೆ. ಕೆಂಪು ಧೂಳು ನೋಡಿದ್ರೇ ಗೊತ್ತಾಗುತ್ತೆ.

ನಮ್ಮ ದೊಡ್ಡಪ್ಪ ಅದಿರಿನ ಲಾರಿ ಓಡಿಸ್ತಿದ್ರು. ಗಣಿ ಜೋರಾಗಿದ್ದ ವರ್ಷಗಳು, ಅಂದ್ರೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸೋ ಮೊದಲು. ರಾತ್ರಿ ಟ್ರಿಪ್ಪಿಗೆ ದುಡ್ಡು ಜಾಸ್ತಿ, ಸೊಂಟನೋವೂ ಜಾಸ್ತಿ. ನಿದ್ದೆ ತಡೆಯೋಕೆ ಗುಟ್ಕಾ. ಬೆಳಗ್ಗೆ ಮನೆಗೆ ಬಂದು ಮಲಗಿದ್ರೆ ಕಣ್ಣು ಮುಚ್ತಿರಲಿಲ್ಲ, ಆಗ ಮತ್ತೊಂದು ಪ್ಯಾಕೆಟ್ಟು, 'ತಲೆ ಹಗುರ ಆಗ್ತದ' ಅಂತ. ಈಗ ಅವರ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತೆ. ರೊಟ್ಟಿ ಮುರಿದು ಸಾರಲ್ಲಿ ನೆನೆಸಿ ಕೊಡಬೇಕು ದೊಡ್ಡಮ್ಮ. ಅರೆಕೋಲಿನ್ ಕೆನ್ನೆ ಒಳಗಿನ ಚರ್ಮದಲ್ಲಿ ನಾರು ಬೆಳೆಸುತ್ತೆ, ಬಾಯಿ ಬಿಗಿಯುತ್ತೆ. ತಂಬಾಕು ಇಲ್ಲದಿದ್ರೂ ಎಲೆ-ಅಡಿಕೆ ಜಗಿಯೋದು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

'ರಾಜರ ಕಾಲದಿಂದ ತಿಂತಾರೆ, ಏನಾಗಲ್ಲ' ಅನ್ನೋರಿಗೆ ಇತಿಹಾಸದ ಉತ್ತರ ಒಂದಿದೆ. ದೇವರಾಯನ ವೀಳ್ಯದಲ್ಲಿ ತಂಬಾಕು ಇರಲೇ ಇಲ್ಲ. ಅದು ಅಮೆರಿಕದ ಗಿಡ. ಅಕ್ಬರನ ಆಸ್ಥಾನದ ಅಸದ್ ಬೇಗ್ ಅದನ್ನ ಕಂಡು ಆಗ್ರಾಕ್ಕೆ ಒಯ್ದಿದ್ದು ನಮ್ಮ ಬಿಜಾಪುರದಿಂದ, 1604ರ ಸುಮಾರಿಗೆ. ಅಷ್ಟೊತ್ತಿಗೆ ಪಾನ್ ಸುಪಾರಿ ಬಜಾರ್ ಹಾಳುಬಿದ್ದು ಸುಮಾರು 40 ವರ್ಷ. ಗುಟ್ಕಾ ಅಂತೂ ತೀರಾ ಇತ್ತೀಚಿನದು. 2013ರಲ್ಲಿ ರಾಜ್ಯದಲ್ಲಿ ನಿಷೇಧ ಆದ ಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್, ಎರಡನ್ನೂ ಅಂಗೈಯಲ್ಲಿ ಬೆರೆಸ್ತಾರೆ.

ಕಂಪ್ಲಿ ಕಡೆ ಭತ್ತ ನಾಟಿಗೆ ಹೋಗೋ ಅಕ್ಕಂದಿರನ್ನ ನೋಡಿ. ದಿನವಿಡೀ ಬಗ್ಗಿ ಬೆನ್ನು ಹಿಡಿದಿರುತ್ತೆ, ಸೆರಗಿನ ತುದಿಯಲ್ಲಿ ಎಲೆ, ಅಡಿಕೆ, ಕಡ್ಡಿಪುಡಿ. ಅವರಿಗೆ ಅದು ಚಟ ಅನ್ನೋದಕ್ಕಿಂತ ನೋವಿನ ಮಾತ್ರೆ. ಬೈಯ್ಯೋದು ಸುಲಭ, ಅದರ ಬದಲಿಗೆ ಏನು ಕೊಡ್ತೀರಿ ಹೇಳಿ ನೋಡೋಣ.

7/7
ಈಗ ಡಬ್ಬಿ. ಅದರಲ್ಲಿರೋದು ಸಾಮಾನ್ಯವಾಗಿ ಅಶ್ವಗಂಧ, ನಮ್ಮ ಹಿರೇಮದ್ದಿನ ಗಿಡ. ಬಯಲುಸೀಮೆಯಲ್ಲಿ ತಾನಾಗಿಯೂ ಬೆಳೆಯುತ್ತೆ. ಸಸ್ಯಶಾಸ್ತ್ರದ ಹೆಸರಲ್ಲೇ ಸೋಮ್ನಿಫೆರಾ ಅಂತಿದೆ, ನಿದ್ದೆ ತರುವಂಥದ್ದು ಅಂತ ಅರ್ಥ. 2017ರಲ್ಲಿ ಜಪಾನಿನ ತ್ಸುಕುಬಾದಲ್ಲಿ ಅದರ ಎಲೆಯ ಒಂದು ಅಂಶ ಇಲಿಗಳನ್ನ ಮಲಗಿಸಿತು. ಮನುಷ್ಯರ ಮೇಲಿನ ಚಿಕ್ಕ ಪ್ರಯೋಗಗಳಲ್ಲಿ ಸ್ವಲ್ಪ ಉಪಯೋಗ ಕಂಡಿದೆ. ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ, ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿತು. ಕೃಷ್ಣದೇವರಾಯನ ಹೆಸರು ಇದಕ್ಕೆ ಅಂಟಿಸಿರೋದು ಮಾರಾಟಕ್ಕೆ. 1520ರ ಸುಮಾರಿಗೆ ಬಂದ ಪಾಯೆಸ್ ಬರೆದಿರೋದೇ ಬೇರೆ. ಬೆಳಕು ಹರಿಯೋ ಮೊದಲು ರಾಯ ಮುಕ್ಕಾಲು ಪಿಂಟ್, ಅಂದ್ರೆ 400 ಮಿಲಿ ಹತ್ತಿರ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ತಿಕ್ಕಿಸಿಕೊಂಡು, ತೂಕ ಎತ್ತಿ, ಕತ್ತಿ ಬೀಸಿ, ಕುಸ್ತಿ ಆಡಿ, ಕುದುರೆ ಓಡಿಸ್ತಿದ್ದ. ಎಣ್ಣೆ ಕುಡಿಯೋ ಭಾಗ ಮಾತ್ರ ಮನೇಲಿ ಟ್ರೈ ಮಾಡಬೇಡಿ.

ನಿದ್ದೆಗೆ ಏನು ತಗೋಬೇಕು ಅಂತ ಮೆಸೇಜ್ ಮಾಡಿದವರಿಗೆ: ನಾನು ಇತಿಹಾಸದ ವಿದ್ಯಾರ್ಥಿ, ಮದ್ದು ಹೇಳಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಎದೆ ಡವಗುಟ್ಟುತ್ತೆ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಹೋಗೋಕೆ ಸಂಕೋಚ ಅಂದ್ರೆ ಸರ್ಕಾರದ ಟೆಲಿ-ಮಾನಸ್ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೇ ಫೋಟೋ ಪಾರ್ಶ್ವನಾಥ ಬಸದಿ. ಹಜಾರರಾಮನ ಗೋಡೆ ಮುಂದೆ ಸೆಲ್ಫಿ ಮುಗಿಸಿ ಹೆಚ್ಚಿನವರು ವಾಪಸ್ ತಿರುಗ್ತಾರೆ, ನೀವು ಇನ್ನೂ ಸ್ವಲ್ಪ ಮುಂದೆ ನಡೀರಿ. ನೀರು ಜೊತೆಗಿರಲಿ, ನೆರಳಿಲ್ಲ.

#ಹಂಪಿ #ಹೊಸಪೇಟೆ #ಸಂಡೂರು #ಕಂಪ್ಲಿ #ನಮ್ಮಇತಿಹಾಸ