ಘಟ್ಟದ ದಾರಿಯಲ್ಲಿ ಕಟ್ಟುವ ಕಿವಿ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಬಂದು, ಸಕಲೇಶಪುರ ದಾಟಿ, ಶಿರಾಡಿ ಘಟ್ಟವಿಳಿದು ಧರ್ಮಸ್ಥಳಕ್ಕೆ ಹೋದವರಲ್ಲಿ ಅನೇಕರಿಗೆ ಈ ಅನುಭವ ಉಂಟು. ಇಳಿಜಾರಿನಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ. ಎಂಜಲು ನುಂಗಿದರೆ ‘ಟಪ್’ ಎಂದು ಬಿಡುತ್ತದೆ.

ಹಾಸನವು ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರು ಎತ್ತರದಲ್ಲಿದೆ. ಕರಾವಳಿಗಿಂತ ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಘಟ್ಟವಿಳಿಯುವಾಗ ಹೊರಗಿನ ಒತ್ತಡ ಏರಿ, ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ತಮಟೆಯ ಹಿಂದಿನ ಪುಟ್ಟ ಕೋಣೆಗೆ ಗಾಳಿ ಹೋಗುವ ದಾರಿ, ಮೂಗಿನ ಹಿಂಬದಿಯಿಂದ ಹೊರಡುವ ಒಂದು ಸಣ್ಣ ನಾಳ. ನುಂಗುವಾಗ, ಆಕಳಿಸುವಾಗ ಅದು ತೆರೆದುಕೊಳ್ಳುತ್ತದೆ.

ಇಟಲಿಯ ಬಾರ್ತೊಲೊಮಿಯೊ ಯೂಸ್ಟೇಕಿ ಎಂಬ ವೈದ್ಯನು ಈ ನಾಳವನ್ನು ವಿವರವಾಗಿ ವರ್ಣಿಸಿದ ಗ್ರಂಥ ಅಚ್ಚಾದುದು 1564ರಲ್ಲಿ. 1704ರಲ್ಲಿ ವಾಲ್ಸಾಲ್ವಾ ಎಂಬಾತನು ನಾಳಕ್ಕೆ ಅವನ ಹೆಸರನ್ನೇ ಇಟ್ಟನು. ಮೂಗು ಬಾಯಿ ಮುಚ್ಚಿ ಉಸಿರೊತ್ತುವ ಉಪಾಯ ಈ ವಾಲ್ಸಾಲ್ವಾನ ಹೆಸರಿನಲ್ಲಿದೆ. ಅವನು ಅದನ್ನು ಹೇಳಿದ್ದು ಕಿವಿಯ ಕೀವನ್ನು ಹೊರಹಾಕಲು! 1724ರಲ್ಲಿ ವರ್ಸೇಲ್ಸಿನ ಪೋಸ್ಟ್‌ಮಾಸ್ಟರ್ ಗ್ವಿಯೋ, ತನ್ನ ಕಿವುಡು ಕಳೆದುಕೊಳ್ಳಲು ಬಾಯಿಯ ಮೂಲಕ ಬಗ್ಗಿದ ಕೊಳವೆಯನ್ನು ನಾಳದ ಬಾಯಿಗೆ ತಾನೇ ಮುಟ್ಟಿಸಿದ ಸಂಗತಿಯನ್ನು ಪ್ಯಾರಿಸ್ಸಿನ ವಿದ್ವತ್ಸಭೆಗೆ ತಿಳಿಸಿದನು. 1783ರ ಡಿಸೆಂಬರ್ 1ರಂದು ಬೆಲೂನಿನಲ್ಲಿ ಏರಿದ ಷಾರ್ಲ್ ಎಂಬ ವಿಜ್ಞಾನಿಗೆ ಕಿವಿನೋವು ಬಂತು. 1863ರಲ್ಲಿ ವಿಯೆನ್ನಾದ ಪೊಲಿಟ್ಜರ್, ರೋಗಿಯು ನೀರು ನುಂಗುವ ಗಳಿಗೆಯಲ್ಲೇ ರಬ್ಬರಿನ ಬುರುಡೆಯಿಂದ ಮೂಗಿಗೆ ಗಾಳಿಯೂದಿ ನಾಳ ತೆರೆಯುವ ಕ್ರಮ ಹೇಳಿಕೊಟ್ಟನು.

ನಮ್ಮ ನಾಡಿನಲ್ಲಿ ವಿಮಾನಚಾಲಕರ ಆರೋಗ್ಯದ ಅಧ್ಯಯನಕ್ಕಾಗಿ ವಾಯುಪಡೆಯ ಸಂಸ್ಥೆ 1957ರಲ್ಲಿ ಬೆಂಗಳೂರಿನಲ್ಲೂ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಮೈಸೂರಿನಲ್ಲೂ ಆರಂಭವಾದುವು.

ಘಟ್ಟದ ಕಿವಿ ಗಳಿಗೆಯಲ್ಲಿ ಬಿಡುತ್ತದೆ. ಮಕ್ಕಳ ಕಿವಿಯ ಮಾತು ಬೇರೆ. ಅವರ ನಾಳ ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿಯಾದಾಗ ಅದು ಬಾತು ಮುಚ್ಚಿಕೊಂಡರೆ ತಮಟೆಯ ಹಿಂದೆ ದ್ರವ ನಿಲ್ಲುತ್ತದೆ. ನೋವಿರದೆಯೂ ಕೇಳುವುದು ಮಂದವಾಗುತ್ತದೆ. ಕಿವಿಗೆ ಎಣ್ಣೆ ಬಿಟ್ಟರೆ ಫಲವಿಲ್ಲ. ನಡುವೆ ತಮಟೆಯೇ ಗೋಡೆಯಾಗಿದೆ. ಬಹುಮಟ್ಟಿಗೆ ದ್ರವ ತಾನಾಗಿಯೇ ಇಳಿದುಹೋಗುವುದು. ಆದರೆ ವಾರಗಳು ಕಳೆದರೂ ಮಂದವಾಗಿಯೇ ಇದ್ದರೆ ವೈದ್ಯರಿಗೆ ತೋರಿಸಲೇಬೇಕು.

ಕರೆದರೆ ಓಗೊಡದ, ರೇಡಿಯೋದ ಧ್ವನಿಯನ್ನು ಮತ್ತೆ ಮತ್ತೆ ಏರಿಸುವ ಮಗುವನ್ನು ಹಟಮಾರಿಯೆಂದು ಗದರಿಸುವ ಮುನ್ನ, ಅದರ ಕಿವಿಯ ಕಡೆ ಒಮ್ಮೆ ಗಮನ ಕೊಡಿ.